ಸ್ಪೋಕನ್ ಕ್ಲಾಸೋ, ಟ್ಯೂಷನ್ನೋ, ಆ್ಯಪೋ: ಕನ್ನಡ ಬಲ್ಲವರು ಇಂಗ್ಲಿಷಿಗೆ ದಾರಿ ಆರಿಸುವುದು ಹೇಗೆ

‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ಕನ್ನಡ ಮನೆಮಾತಿನವರ ಬಾಯಲ್ಲಿ ಸಲೀಸಾಗಿ ಬರುವ ಈ ವಾಕ್ಯವನ್ನು ಬಿಡಿಸಿ ನೋಡಿದರೆ ಒಳಗಿರುವುದು ಅಚ್ಚಕನ್ನಡ: ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ.’ ‘ಮಾಡ್ತಿದ್ದೀನಿ’ ಹೋಗಿ ‘ಆ್ಯಮ್ ವರ್ಕಿಂಗ್’ ಆಯಿತು, ‘ಇಂದ’ ಹೋಗಿ ‘ಸಿನ್ಸ್’ ಆಯಿತು. ಕನ್ನಡದಲ್ಲಿ ‘ಐದು ವರ್ಷದಿಂದ’ ಎನ್ನುವುದಕ್ಕೂ ‘2019ರಿಂದ’ ಎನ್ನುವುದಕ್ಕೂ ವಿಭಕ್ತಿ ಒಂದೇ. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಶುರುವಾದ ಹೊತ್ತಿಗೆ ‘ಸಿನ್ಸ್’. ಕ್ರಿಯಾಪದವೂ ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು.

ಇಂಥ ತಪ್ಪು ಆಡಿದವರಿಗೆ ಕೇಳಿಸುವುದಿಲ್ಲ. ಕೇಳಿದವರಿಗೆ ಅರ್ಥವಾಗಿಬಿಡುವುದರಿಂದ ಅವರೂ ತಿದ್ದುವುದಿಲ್ಲ. ಆಫೀಸಿನಲ್ಲಿ ಹತ್ತು ವರ್ಷ ಇಂಗ್ಲಿಷೇ ಆಡಿದವರ ಮಾತಿನಲ್ಲೂ ಇದು ಉಳಿಯುವುದು ಅದಕ್ಕೇ. ಹಾಗಾಗಿ ಕಲಿಯುವ ದಾರಿ ಆರಿಸುವಾಗ ಮೊದಲು ಕೇಳಬೇಕಾದ್ದು: ಇಲ್ಲಿ ನನ್ನ ತಪ್ಪನ್ನು ಹಿಡಿಯುವವರು ಯಾರು, ಎಷ್ಟು ಬೇಗ ಹಿಡಿಯುತ್ತಾರೆ? ಫೀಸು, ಅವಧಿ, ಸರ್ಟಿಫಿಕೇಟು ಆಮೇಲಿನ ಮಾತು.

ಮೊದಲು ತೊಡಕು ಎಲ್ಲಿದೆ ನೋಡಿಕೊಳ್ಳಿ

ಫೋನಿನ ರೆಕಾರ್ಡರ್ ಹಾಕಿಕೊಂಡು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ. ಮೊದಲೇ ಬರೆದಿಟ್ಟುಕೊಳ್ಳಬೇಡಿ. ಆಮೇಲೆ ಕೇಳುತ್ತಾ, ಆಡಿದ್ದನ್ನು ಆಡಿದ ಹಾಗೆಯೇ ಕಾಗದಕ್ಕಿಳಿಸಿ. ‘ನಿನ್ನೆ’ಯ ವಿಷಯವೇ ಯಾಕೆಂದರೆ ಭೂತಕಾಲದ ತಪ್ಪುಗಳೆಲ್ಲ ಅದರಲ್ಲಿ ಹೊರಬೀಳುತ್ತವೆ: ‘ಡಿಡ್ ನಾಟ್ ವೆಂಟ್’, ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’. ಎರಡನೆಯದು ‘ನಿನ್ನೆ ನೋಡಿದ್ದೇನೆ’ಯ ನೇರ ನಕಲು. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್’ ಬರುವಂತಿಲ್ಲ, ‘ಐ ಸಾ ಹಿಮ್’ ಸಾಕು.

ಇಳಿಸಿದ್ದರಲ್ಲಿ ಪದಗಳನ್ನು ಎಣಿಸಿ. ನೂರಕ್ಕಿಂತ ಕಡಿಮೆಯಿದ್ದು, ನಡುವೆ ಮೌನವೇ ಹೆಚ್ಚಿದ್ದರೆ ನಿಮ್ಮ ತೊಡಕು ಪದ ಮತ್ತು ಅಭ್ಯಾಸ. ಇನ್ನೂರರ ಹತ್ತಿರ ಬಂದು, ತಪ್ಪುಗಳು ಹತ್ತು ಹದಿನೈದಿದ್ದರೆ ತೊಡಕು ವಾಕ್ಯರಚನೆಯದು. ಎರಡೂ ಸರಿಯಿದ್ದು ಫೋನಿನಲ್ಲಿ ಆಚೆಯವರು ಪದೇ ಪದೇ ‘ಪಾರ್ಡನ್’ ಅನ್ನುತ್ತಿದ್ದರೆ ಅದು ಉಚ್ಚಾರದ ತೊಡಕು. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯ ಗುಂಪಿನವರಿಗೆ ಗ್ರಾಮರ್ ಪುಸ್ತಕ, ಎರಡನೆಯವರಿಗೆ ‘ಧೈರ್ಯವಾಗಿ ಮಾತಾಡಿ’ ಎನ್ನುವ ಕ್ಲಾಸು ಕೊಟ್ಟರೆ ದುಡ್ಡೂ ಹೊತ್ತೂ ದಂಡ.

ಗಂಟೆಗಳ ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ಭಾಷಾ ಕಲಿಕೆಯನ್ನು ಎ1ರಿಂದ ಸಿ2ವರೆಗೆ ಆರು ಹಂತ ಮಾಡಿ ಅಳೆಯುವ ಯುರೋಪಿನ ಪದ್ಧತಿಯೊಂದು 2001ರಿಂದ ಬಳಕೆಯಲ್ಲಿದೆ. ಅದರ ಪ್ರಕಾರ, ಸೊನ್ನೆಯಿಂದ ಎ2 ಮುಟ್ಟಲು 180ರಿಂದ 200 ಗಂಟೆ, ಬಿ1ಗೆ 350ರಿಂದ 400, ಬಿ2ಗೆ 500ರಿಂದ 600 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕೆಂದು ಕೇಂಬ್ರಿಡ್ಜ್ ಪರೀಕ್ಷಾ ಸಂಸ್ಥೆಯ ಅಂದಾಜು. ಅಂಗಡಿ, ಬಸ್ಸು, ಪರಿಚಯದ ಮಾತು ನಿಭಾಯಿಸುವುದು ಎ2. ಕೆಲಸದಲ್ಲಿ ಗೊತ್ತಿರುವ ವಿಷಯದ ಬಗ್ಗೆ ತಡವರಿಸಿಯಾದರೂ ಹೇಳಿ ಮುಗಿಸುವುದು ಬಿ1. ಮೀಟಿಂಗಿನಲ್ಲಿ ವಾದ ಮಾಡಬಲ್ಲವರು ಬಿ2. ಅಂದರೆ ಎ2 ಇದ್ದವರು ಬಿ1ಗೆ ಏರಲು ಸುಮಾರು 170ರಿಂದ 200 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಅರವತ್ತು ದಿನದ ಕೋರ್ಸು ಇದರ ಮೂರನೆಯ ಒಂದು ಭಾಗ. ‘ಮೂವತ್ತು ದಿನದಲ್ಲಿ ಗ್ಯಾರಂಟಿ’ ಎಂಬ ಬೋರ್ಡು ಕಂಡಾಗ ಈ ಲೆಕ್ಕ ನೆನಪಿರಲಿ.

ಕ್ಲಾಸಿಗೆ ಸೇರುವುದಾದರೆ

ಒಂದು ಬ್ಯಾಚಿನಲ್ಲಿ ಮೂವತ್ತು ಜನ, ಅರವತ್ತು ನಿಮಿಷ. ಮೇಷ್ಟ್ರು ಬಾಯಿ ಬಿಡದೆ ಕೂತರೂ ತಲೆಗೆ ಎರಡು ನಿಮಿಷ. ಅರವತ್ತು ದಿನಕ್ಕೆ ಎರಡು ಗಂಟೆಯ ಮಾತು, ಅಷ್ಟೇ. ಕ್ಲಾಸಿನಿಂದ ಲಾಭವೇ ಇಲ್ಲ ಎಂದಲ್ಲ. ನಾಚಿಕೆ ಬಿಡುತ್ತದೆ, ಹೊತ್ತಿಗೆ ಸರಿಯಾಗಿ ಕೂರುವ ಅಭ್ಯಾಸವಾಗುತ್ತದೆ, ತನ್ನಂಥವರೇ ಇನ್ನೂ ಇದ್ದಾರೆಂದು ತಿಳಿಯುತ್ತದೆ. ಮೌನವೇ ತೊಡಕಾಗಿರುವ ಮೊದಲ ಗುಂಪಿನವರಿಗೆ ಇದು ಒಪ್ಪುವ ದಾರಿ.

ಸೇರುವ ಮುಂಚೆ ಡೆಮೊ ಕ್ಲಾಸಿನಲ್ಲಿ ಕೂತು ಎರಡನ್ನು ಗಮನಿಸಿ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮಾತಾಡುವ ಹೊತ್ತು ಎಷ್ಟಿದೆ? ಇಪ್ಪತ್ತು ನಿಮಿಷ ಜೋಡಿ ಮಾತಿದ್ದರೆ ನಿಮ್ಮ ಪಾಲು ಎರಡು ನಿಮಿಷದಿಂದ ಹತ್ತಕ್ಕೆ ಏರುತ್ತದೆ. ಎರಡನೆಯದು, ತಪ್ಪಾದಾಗ ಮೇಷ್ಟ್ರು ಏನು ಮಾಡುತ್ತಾರೆ? ‘ಗುಡ್, ನೆಕ್ಸ್ಟ್’ ಎಂದು ಮುಂದೆ ಹೋಗುವವರು ಹುರುಪು ಕೊಡುತ್ತಾರೆ, ತಿದ್ದುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಅಂದಿನ ಏಳೆಂಟು ತಪ್ಪುಗಳನ್ನು ಬರೆದುಕೊಂಡು ಕೊನೆಗೆ ಎಲ್ಲರಿಂದಲೂ ಸರಿ ಮಾಡಿಸುವವರು ಸಿಕ್ಕರೆ ಬಿಡಬೇಡಿ. ಇಡೀ ಕೋರ್ಸಿನ ಫೀಸನ್ನು ಮುಂಗಡ ಕಟ್ಟುವ ಬದಲು ತಿಂಗಳಿಗೊಮ್ಮೆ ಕಟ್ಟುವ ಅವಕಾಶ ಇದೆಯೇ ಕೇಳಿ.

‘ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ’ ಎಂಬ ನಿಯಮ ಹಲವೆಡೆ ಇರುತ್ತದೆ. ಜೋಡಿ ಮಾತಿನ ಇಪ್ಪತ್ತು ನಿಮಿಷಕ್ಕೆ ಅದು ಸರಿ. ಆದರೆ ‘ಸಿನ್ಸ್’ ಮತ್ತು ‘ಫಾರ್’ ವ್ಯತ್ಯಾಸವನ್ನು ಇಂಗ್ಲಿಷಿನಲ್ಲೇ ಹತ್ತು ನಿಮಿಷ ಕೊರೆಯುವುದಕ್ಕಿಂತ ‘ಎರಡೂ ನಮ್ಮ ಇಂದ ಪ್ರತ್ಯಯವೇ, ಅಲ್ಲಿ ಅದು ಎರಡಾಗಿ ಒಡೆಯುತ್ತದೆ’ ಎಂದರೆ ಅರ್ಧ ನಿಮಿಷದಲ್ಲಿ ತಲೆಗೆ ಹೋಗುತ್ತದೆ. ವಿವರಣೆಗೂ ಕನ್ನಡ ಬೇಡವೆನ್ನುವವರು ತಮ್ಮ ಕೈಯ ಒಳ್ಳೆಯ ಉಪಕರಣವನ್ನು ತಾವೇ ಎಸೆದಂತೆ.

ಒಬ್ಬರಿಗೊಬ್ಬರು ಟ್ಯೂಷನ್

ವಾರಕ್ಕೆರಡು ಸಲ, ಅರ್ಧರ್ಧ ಗಂಟೆ. ಅದರಲ್ಲಿ ಹದಿನೈದು ನಿಮಿಷ ನಿಮ್ಮ ಮಾತು. ಎಂಟು ವಾರಕ್ಕೆ ನಾಲ್ಕು ಗಂಟೆ. ಅರವತ್ತು ದಿನದ ಕ್ಲಾಸಿನಲ್ಲಿ ಸಿಗುವುದಕ್ಕಿಂತ ಎರಡು ಪಟ್ಟು, ಅದೂ ಪ್ರತಿ ವಾಕ್ಯವನ್ನು ಒಬ್ಬರು ಕಿವಿಗೊಟ್ಟು ಕೇಳುತ್ತಿರುವಾಗ. ಗಂಟೆಗೆ ಖರ್ಚು ಹೆಚ್ಚು, ಆದರೆ ಆಡಿದ ನಿಮಿಷಕ್ಕೆ ಲೆಕ್ಕ ಹಾಕಿದರೆ ಎಷ್ಟೋ ಸಲ ಇದೇ ಅಗ್ಗ. ವಾಕ್ಯರಚನೆಯ ತೊಡಕಿರುವ ಎರಡನೆಯ ಗುಂಪಿನವರಿಗೆ ಇದೇ ಮೊದಲ ಆಯ್ಕೆ.

ಹೊರದೇಶದ ಮಾತೃಭಾಷಿಕರು ಬೇಕೇ, ಕನ್ನಡ ಬಲ್ಲವರು ಬೇಕೇ? ಬಿ2 ಮುಟ್ಟುವ ತನಕ ಕನ್ನಡ ಬಲ್ಲವರೇ ಮೇಲು. ‘ಹೀ ಟೋಲ್ಡ್ ದಟ್’ ಎಂದಾಗ ಹೊರಗಿನವರು ತಪ್ಪೆಂದು ಹೇಳಬಲ್ಲರು. ‘ಹೇಳು’ ಎಂಬ ಒಂದೇ ಕ್ರಿಯಾಪದ ಇಂಗ್ಲಿಷಿನಲ್ಲಿ ‘ಸೇ’ ಮತ್ತು ‘ಟೆಲ್’ ಆಗುತ್ತದೆ, ‘ಟೆಲ್’ ಬಂದರೆ ಯಾರಿಗೆ ಎಂಬುದು ಜೊತೆಗೇ ಬರಬೇಕು ಎಂದು ಬೇರು ತೋರಿಸಬಲ್ಲವರು ಕನ್ನಡ ಗೊತ್ತಿದ್ದವರು. ಅಂಥವರು ಮೊದಲ ದಿನವೇ ಹುಡುಕಬೇಕಾದ ತಪ್ಪುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ:

‘ವಾಟ್ ಯೂ ಆರ್ ಡೂಯಿಂಗ್?’ ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಾಗುವುದಿಲ್ಲ, ಇಂಗ್ಲಿಷಿನಲ್ಲಿ ಬದಲಾಗುತ್ತದೆ. ಇದನ್ನು ತಿದ್ದಿಕೊಂಡ ಮೇಲೆ ಅದರ ತಿರುಗು ತಪ್ಪು ಶುರು: ‘ಡೂ ಯೂ ನೋ ವೇರ್ ಈಸ್ ದ ಬ್ಯಾಂಕ್?’ ಪ್ರಶ್ನೆಯೊಳಗಿನ ಪ್ರಶ್ನೆಯಲ್ಲಿ ಪದಗಳು ಮತ್ತೆ ಹಳೆಯ ಜಾಗಕ್ಕೆ ಹೋಗಬೇಕು: ‘ವೇರ್ ದ ಬ್ಯಾಂಕ್ ಈಸ್’.

‘ಐ ಟೋಲ್ಡ್ ಯೆಸ್ಟರ್‌ಡೇ ಓನ್ಲಿ.’ ನಮ್ಮ ‘ನಿನ್ನೆಯೇ’ಯ ‘ಏ’. ಇಂಗ್ಲಿಷ್ ಆ ಕೆಲಸವನ್ನು ದನಿಯ ಒತ್ತಿನಿಂದ ಮಾಡುತ್ತದೆ, ‘ಓನ್ಲಿ’ಯಿಂದಲ್ಲ.

‘ಸ್ಮಾಲ್ ಸ್ಮಾಲ್ ಥಿಂಗ್ಸ್’, ‘ಒನ್ ಆಫ್ ಮೈ ಫ್ರೆಂಡ್’, ‘ಫರ್ನಿಚರ್ಸ್’, ‘ಡಿಸ್ಕಸ್ ಅಬೌಟ್’. ಕೊನೆಯದು ‘ಅದರ ಬಗ್ಗೆ ಚರ್ಚಿಸೋಣ’ದಿಂದ ಬಂದ ‘ಬಗ್ಗೆ’. ‘ಡಿಸ್ಕಸ್’ಗೆ ಅದು ಬೇಡ.

ಫೋನಿನಲ್ಲಿ ನಿಜವಾಗಿ ಕೆಲಸ ಕೆಡಿಸುವುದು ಇನ್ನೊಂದು. ‘ನೀವು ಬರಲ್ವಾ?’ ಎಂದರೆ ನಾವು ‘ಹೌದು, ಬರಲ್ಲ’ ಎನ್ನುತ್ತೇವೆ. ‘ಆರನ್ಟ್ ಯೂ ಕಮಿಂಗ್?’ ಎಂಬುದಕ್ಕೆ ಬರೀ ‘ಯೆಸ್’ ಎಂದರೆ ಆಚೆಯವರು ಬರುತ್ತಾರೆಂದೇ ತಿಳಿದು ಕಾಯುತ್ತಾರೆ. ಬರುವುದಿಲ್ಲವಾದರೆ ‘ನೋ, ಐ ಆ್ಯಮ್ ನಾಟ್’. ಇದನ್ನು ಅರ್ಥ ಮಾಡಿಕೊಂಡರೆ ಸಾಲದು, ನಾಲಿಗೆಗೆ ಹತ್ತುವ ತನಕ ಐವತ್ತು ಸಲ ಆಡಬೇಕು.

ಆ್ಯಪು ಮತ್ತು ಎಐ ಚಾಟು

ದಿನಕ್ಕೆ ಹದಿನೈದು ನಿಮಿಷ, ಒಂದು ದಿನವೂ ತಪ್ಪದೆ ವರ್ಷವಿಡೀ ಮಾಡಿದರೆ ಸುಮಾರು 91 ಗಂಟೆ. ಪದಸಂಪತ್ತಿಗೆ, ಬಸ್ಸಿನಲ್ಲಿ ಕೂತ ಹೊತ್ತಿಗೆ ಒಳ್ಳೆಯದೇ. ಆದರೆ ಹೆಚ್ಚಿನ ಆ್ಯಪುಗಳ ಅಭ್ಯಾಸ ಎಂದರೆ ತೆರೆಯ ಮೇಲಿರುವ ಪದಗಳನ್ನು ಜೋಡಿಸುವುದು, ನಾಲ್ಕರಲ್ಲಿ ಒಂದನ್ನು ಮುಟ್ಟುವುದು. ಕಂಡದ್ದನ್ನು ಗುರುತಿಸುವುದೇ ಬೇರೆ, ಇಲ್ಲದ್ದನ್ನು ನೆನಪಿನಿಂದ ತೆಗೆದು ಆಡುವುದೇ ಬೇರೆ. ನೂರು ದಿನ ಬಿಡದೆ ಮಾಡಿದ ‘ಸ್ಟ್ರೀಕ್’ ಇದ್ದೂ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟುವುದು ಇದರಿಂದಲೇ. ಮದ್ದು ಸುಲಭ: ಪ್ರತಿ ವಾಕ್ಯ ಬಂದಾಗ ತೆರೆ ಮುಟ್ಟುವ ಮುಂಚೆ ಕಣ್ಣು ಮುಚ್ಚಿ ಗಟ್ಟಿಯಾಗಿ ಹೇಳಿ, ಆಮೇಲೆ ಉತ್ತರ ನೋಡಿ. ಆ್ಯಪು ಹಿಂದಿಯ ಮೂಲಕ ಇಂಗ್ಲಿಷ್ ಕಲಿಸುವುದಾಗಿದ್ದರೆ, ಹಿಂದಿ ಗಟ್ಟಿಯಿಲ್ಲದವರಿಗೆ ಅದು ಎರಡು ಹೊರೆ.

ಎಐ ಚಾಟುಗಳು ಬರವಣಿಗೆ ತಿದ್ದುವುದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಕೇಳುವ ಬಗೆ ಸರಿಯಿದ್ದರೆ. ‘ಇದನ್ನು ಚೆನ್ನಾಗಿ ಮಾಡಿಕೊಡು’ ಎಂದರೆ ನಿಮ್ಮ ಇಮೇಲನ್ನು ಪೂರ್ತಿ ಬೇರೆಯದೇ ಮಾಡಿ ಕೊಡುತ್ತವೆ. ನೀವು ಅದನ್ನು ಕಳಿಸುತ್ತೀರಿ, ಕಲಿಯುವುದು ಏನೂ ಇಲ್ಲ. ‘ಬರೀ ತಪ್ಪುಗಳನ್ನು ತೋರಿಸು, ಯಾಕೆ ತಪ್ಪೆಂದು ಕನ್ನಡದಲ್ಲಿ ಒಂದೊಂದು ಸಾಲಿನಲ್ಲಿ ಹೇಳು, ಉಳಿದದ್ದನ್ನು ಮುಟ್ಟಬೇಡ’ ಎಂದು ಕೇಳಿ. ಕೊಡುವ ಕಾರಣ ಒಮ್ಮೊಮ್ಮೆ ತಪ್ಪಿರುತ್ತದೆ, ಅನುಮಾನ ಬಂದರೆ ಡಿಕ್ಷನರಿ ನೋಡಿ. ದನಿಯಲ್ಲಿ ಮಾತಾಡಿಸುವುದು ಹಿಂಜರಿಕೆ ಕಳೆಯಲು ಸರಿ, ಉಚ್ಚಾರ ತಿದ್ದಲು ಅಷ್ಟಕ್ಕಷ್ಟೆ. ನೀವು ತಪ್ಪಾಗಿ ಅಂದರೂ ಹಿಂದುಮುಂದಿನ ಪದಗಳಿಂದ ಊಹಿಸಿಕೊಂಡು ಅದು ಉತ್ತರ ಕೊಟ್ಟುಬಿಡುತ್ತದೆ.

ದುಡ್ಡಿಲ್ಲದೆ ಮನೆಯಲ್ಲೇ: ಹಿಂದಿರುಗಿಸಿ ಅನುವಾದ

ಕನ್ನಡ ಚೆನ್ನಾಗಿ ಓದಿ ಬರೆಯಬಲ್ಲವರಿಗೆ ಇದರಷ್ಟು ಒಳ್ಳೆಯ ಅಭ್ಯಾಸ ಕಡಿಮೆ. ಇಂಗ್ಲಿಷ್ ಪತ್ರಿಕೆಯಿಂದ ಎಂಬತ್ತು ಪದಗಳ ಒಂದು ಪ್ಯಾರಾ ಆರಿಸಿ. ಸಂಪಾದಕೀಯ ಬೇಡ, ಸುದ್ದಿ ಇರಲಿ. ಅದನ್ನು ಸಹಜ ಕನ್ನಡದಲ್ಲಿ ಬರೆದು ಮೂಲವನ್ನು ಎತ್ತಿಡಿ. ಎರಡು ದಿನ ಬಿಟ್ಟು, ನಿಮ್ಮ ಕನ್ನಡವನ್ನು ಮಾತ್ರ ಮುಂದಿಟ್ಟುಕೊಂಡು ಇಂಗ್ಲಿಷಿಗೆ ತನ್ನಿ. ಈಗ ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ ವ್ಯತ್ಯಾಸಕ್ಕೆ ಕೆಂಪು ಗೆರೆ ಎಳೆಯಿರಿ. ಅದೇ ದಿನ ಮಾಡಿದರೆ ನೆನಪಿನಿಂದ ಬರುತ್ತದೆ, ವಾರ ಬಿಟ್ಟರೆ ವಿಷಯವೇ ಮರೆತಿರುತ್ತದೆ. ಎರಡು ದಿನ ಸರಿಯಾದ ಅಂತರ.

ಮೊದಲ ಹತ್ತು ಪ್ಯಾರಾಗಳಲ್ಲಿ ಕೆಂಪು ಗೆರೆ ಹೆಚ್ಚು ಬೀಳುವುದು ‘ಎ’, ‘ಆ್ಯನ್’, ‘ದ’ಗಳ ಮೇಲೆ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ. ಮೂಲದಲ್ಲಿ ‘ಎ ಮ್ಯಾನ್’ ಎಂದು ಮೊದಲು ಬಂದವನು ಮುಂದಿನ ವಾಕ್ಯದಲ್ಲಿ ‘ದ ಮ್ಯಾನ್’ ಆಗುವುದು ಹತ್ತಾರು ಸಲ ಕಣ್ಣಿಗೆ ಬಿದ್ದ ಮೇಲೆ ನಿಯಮ ತಾನಾಗಿ ಕೂರುತ್ತದೆ. ‘ಆ್ಯನ್’ ಬರುವುದು ಅಕ್ಷರ ನೋಡಿ ಅಲ್ಲ, ಉಚ್ಚಾರ ಕೇಳಿ: ‘ಆ್ಯನ್ ಅವರ್’, ‘ಆ್ಯನ್ ಎಂಎಲ್ಎ’, ಆದರೆ ‘ಎ ಯೂನಿವರ್ಸಿಟಿ’.

ಈ ದಾರಿಯ ಕುಂದು ಎಂದರೆ ಬಾಯಿಗೆ ಕೆಲಸವಿಲ್ಲ. ಹೋಲಿಸಿ ಮುಗಿದ ಮೇಲೆ ಮೂಲವನ್ನು ಮೂರು ಸಲ ಗಟ್ಟಿಯಾಗಿ ಓದುವುದನ್ನು ಸೇರಿಸಿಕೊಂಡರೆ ಅರ್ಧ ನೀಗುತ್ತದೆ.

ಯಾವ ಡಿಕ್ಷನರಿ, ಯಾವ ಗ್ರಾಮರ್

‘ಕೋರಿಯಾಂಡರ್’ ಪದಕ್ಕೆ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಅಡುಗೆಗೆ ಬಳಸುವ ಒಂದು ಸಸ್ಯ ಎಂದೆಲ್ಲ ವಿವರಿಸುತ್ತದೆ; ಇಂಗ್ಲಿಷ್–ಕನ್ನಡ ನಿಘಂಟು ‘ಕೊತ್ತಂಬರಿ’ ಎಂದು ಮುಗಿಸುತ್ತದೆ. ಗಿಡಮರ, ಕಾಯಿಲೆ, ಪಾತ್ರೆಪಡಗ, ಕಾನೂನಿನ ಪದಗಳಿಗೆ ಕನ್ನಡ ಅರ್ಥ ಕೊಡುವ ನಿಘಂಟೇ ಸರಿ. ಆದರೆ ‘ಸಜೆಸ್ಟ್’ ಪದಕ್ಕೆ ‘ಸೂಚಿಸು’ ಎಂದು ತಿಳಿದು ‘ಹೀ ಸಜೆಸ್ಟೆಡ್ ಮಿ ಟು ಗೋ’ ಎಂದು ಬರೆದರೆ ತಪ್ಪು. ‘ಸಜೆಸ್ಟೆಡ್ ದಟ್ ಐ ಗೋ’ ಎಂಬ ಕಟ್ಟು ಸಿಗುವುದು ಕಲಿಯುವವರಿಗಾಗಿಯೇ ಮಾಡಿದ ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಡ್ಜ್ ನಿಘಂಟುಗಳಲ್ಲಿ. ಮೂರೂ ಅಂತರ್ಜಾಲದಲ್ಲಿ ಉಚಿತ. 1978ರ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು ಎರಡು ಸಾವಿರ ಸುಲಭ ಪದಗಳಲ್ಲೇ ಬರೆಯುವ ಪದ್ಧತಿ ತಂದಿತು, ಹಾಗಾಗಿ ಎ2 ದಾಟಿದವರು ಓದಬಹುದು. ನಾಮಪದದ ಪಕ್ಕದಲ್ಲಿ ‘ಯು’ ಅಕ್ಷರ ಕಂಡರೆ ಅದಕ್ಕೆ ಬಹುವಚನವಿಲ್ಲ ಎಂದರ್ಥ. ‘ಫರ್ನಿಚರ್ಸ್’, ‘ಇನ್‌ಫರ್ಮೇಷನ್ಸ್’ ಅಲ್ಲಿಗೇ ನಿಲ್ಲುತ್ತವೆ. ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಪದ ಬೇಕಾದಾಗ ವಿ. ಕೃಷ್ಣ ಅವರ ‘ಅಲರ್’ ಇದೆ: ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, ಇದೂ ಉಚಿತ.

ಗ್ರಾಮರಿಗೆ ನಮ್ಮ ಕಡೆ ಹೆಸರು ಕೇಳಿಬರುವುದು ರೆನ್ ಮತ್ತು ಮಾರ್ಟಿನ್. 1930ರ ದಶಕದಲ್ಲಿ ಶಾಲಾ ಮಕ್ಕಳಿಗೆಂದು ಬರೆದದ್ದು; ಹೆಸರುಗಳು, ವರ್ಗೀಕರಣ, ವಾಕ್ಯ ಬಿಡಿಸುವುದು ಅದರ ಬಲ. ಸ್ಪರ್ಧಾತ್ಮಕ ಪರೀಕ್ಷೆಗೆ ಅದೇ ಸಾಕು. ಆಡುವ, ಬರೆಯುವ ಇಂಗ್ಲಿಷ್ ತಿದ್ದಿಕೊಳ್ಳಬೇಕಾದರೆ ರೇಮಂಡ್ ಮರ್ಫಿಯ ಪುಸ್ತಕ ಮೇಲು: ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ, ಕೊನೆಯಲ್ಲಿ ಉತ್ತರ. ಅದರ ಮಧ್ಯಮ ಹಂತದ ಪುಸ್ತಕದಲ್ಲಿ 145 ಪಾಠಗಳಿವೆ. ವಾರಕ್ಕೆ ಮೂರರಂತೆ ಹನ್ನೊಂದು ತಿಂಗಳು. ಒಂದರಿಂದ ಶುರು ಮಾಡಿ ಇಪ್ಪತ್ತಕ್ಕೆ ಬಿಡುವವರೇ ಹೆಚ್ಚು. ಹಾಗೆ ಮಾಡದೆ ರೆಕಾರ್ಡಿಂಗಿನಲ್ಲಿ ಸಿಕ್ಕ ತಪ್ಪುಗಳಿಗೆ ಸಂಬಂಧಿಸಿದ ಪಾಠಗಳನ್ನು ಮೊದಲು ಮಾಡಿ.

ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಉಚ್ಚಾರ ಬರೆದುಕೊಡುವ ಪುಸ್ತಕಗಳ ಬಗ್ಗೆ ಒಂದು ಎಚ್ಚರ (ಈ ಬರಹಕ್ಕೂ ಅದು ಅನ್ವಯ). ‘ವೆಸ್ಟ್’ ಎಂದರೆ ಒಳಅಂಗಿಯೋ ಪಶ್ಚಿಮವೋ ನಮ್ಮ ಲಿಪಿಯಲ್ಲಿ ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ಅದಕ್ಕಿಂತ ದೊಡ್ಡ ಕೊರತೆ ಒತ್ತಿನದು. ‘ಹೋಟೆಲ್’, ‘ಡೆವಲಪ್’ ಎರಡರಲ್ಲೂ ಒತ್ತು ಎರಡನೆಯ ಭಾಗದ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಮೊದಲಲ್ಲಿ, ಕ್ರಿಯಾಪದವಾದರೆ ಕೊನೆಯಲ್ಲಿ. ನಾವು ಎಲ್ಲ ಅಕ್ಷರಕ್ಕೂ ಸಮನಾಗಿ ತೂಕ ಕೊಡುತ್ತೇವೆ, ಆಚೆಯವರಿಗೆ ಪದವೇ ಸಿಗುವುದಿಲ್ಲ. ‘ಎ’, ‘ಒ’ಗಳಿಂದ ಶುರುವಾಗುವ ಪದಕ್ಕೆ ‘ಯೆಗ್’, ‘ವೋನ್ಲಿ’ ಎಂದು ಮುಂದೆ ದನಿ ಸೇರಿಸುವುದೂ ನಮ್ಮದೇ ಅಭ್ಯಾಸ. ಒತ್ತು ಮತ್ತು ಇವೆರಡನ್ನು ತಿದ್ದಿಕೊಂಡರೆ ಸಾಕು. ಅಮೆರಿಕದವರ ಹಾಗೆ ಮಾತಾಡಲು ದುಡ್ಡು ಕಟ್ಟಬೇಕಾಗಿಲ್ಲ.

ಐಇಎಲ್‌ಟಿಎಸ್ (ಹೊರದೇಶದ ಓದಿಗೆ, ಕೆಲಸಕ್ಕೆ ಕೇಳುವ ಇಂಗ್ಲಿಷ್ ಪರೀಕ್ಷೆ) ಬರೆಯಬೇಕಾದವರು ಮೇಲಿನ ಯಾವುದನ್ನೇ ಆರಿಸಿದರೂ ಕೊನೆಯ ಆರು ವಾರ ಪರೀಕ್ಷೆಗೇ ಮೀಸಲಿಡಿ. ಬರವಣಿಗೆಯಲ್ಲಿ 150 ಪದಗಳ ಒಂದು, 250 ಪದಗಳ ಇನ್ನೊಂದು. ಒಟ್ಟು ಅರವತ್ತು ನಿಮಿಷ, ಎರಡನೆಯದಕ್ಕೆ ತೂಕ ದುಪ್ಪಟ್ಟು. ಆದ್ದರಿಂದ ಅದಕ್ಕೆ ನಲವತ್ತು ನಿಮಿಷ ಬಿಡಿ. ಅಂಕದ ಮಾನ್ಯತೆ ಸಾಮಾನ್ಯವಾಗಿ ಎರಡೇ ವರ್ಷ, ಬೇಗ ಬರೆದಿಟ್ಟು ಲಾಭವಿಲ್ಲ.

ಹಲವು ನುಡಿ ಬಲ್ಲದ್ದರ ಲಾಭ, ಮತ್ತು ಮನೆಯ ಮಾತು

‘ಇಂಗ್ಲಿಷ್ ಕಲಿತರೆ ಮೆದುಳು ಚುರುಕಾಗುತ್ತದೆ’ ಎಂಬ ಜಾಹೀರಾತನ್ನು ಸ್ವಲ್ಪ ಜರಡಿ ಹಿಡಿಯಬೇಕು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ (ಆಮೇಲೆ ಬೆಂಗಳೂರಿನ ನಿಮ್ಹಾನ್ಸಿಗೆ ಬಂದವರು) ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಮಂದಿ ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಎರಡಕ್ಕಿಂತ ಹೆಚ್ಚು ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇದು ರೋಗಿಗಳ ದಾಖಲೆ ನೋಡಿ ಕಂಡುಕೊಂಡದ್ದು, ಭಾಷೆ ಕಲಿಸಿ ನೋಡಿದ ಪ್ರಯೋಗವಲ್ಲ. ಬಹುಭಾಷಿಕರ ಗಮನಶಕ್ತಿ ಹೆಚ್ಚೆಂಬ ಬೇರೆ ವಾದವನ್ನಂತೂ ಆಮೇಲಿನ ಹಲವು ಸಂಶೋಧನೆಗಳು ಒಪ್ಪಿಲ್ಲ. ಅಂದರೆ, ಮಂಗಳೂರಿನಲ್ಲಿ ತುಳುವನ್ನೂ ಕನ್ನಡವನ್ನೂ ದಿನಾ ಆಡುವ ಅಜ್ಜಿಗೆ ಇರಬಹುದಾದ ಲಾಭವೆಲ್ಲ ಆಗಲೇ ಸಿಕ್ಕಿದೆ. ಇಂಗ್ಲಿಷನ್ನು ಕೆಲಸಕ್ಕೆ, ಓದಿಗೆ, ಊರು ಬಿಟ್ಟ ಕಡೆ ಬದುಕಲು ಕಲಿಯಿರಿ, ಮೆದುಳಿಗೆಂದು ಕಲಿಯಬೇಕಾಗಿಲ್ಲ.

ಮಕ್ಕಳ ಇಂಗ್ಲಿಷ್ ಸುಧಾರಿಸಲೆಂದು ಮನೆಯಲ್ಲೂ ಅಪ್ಪ ಅಮ್ಮ ತಡವರಿಸುವ ಇಂಗ್ಲಿಷನ್ನೇ ಆಡುವ ಮನೆಗಳಿವೆ. ‘ಕಮ್ ಪುಟ್ಟಾ, ಈಟ್ ಫಾಸ್ಟ್, ಬಸ್ ವಿಲ್ ಗೋ.’ ಮಗು ಕೇಳಿಸಿಕೊಳ್ಳುವುದು ನೂರಿನ್ನೂರು ಪದಗಳ ಅಪ್ಪಣೆ ಮಾತ್ರ. ಅದೇ ಹೊತ್ತಿನಲ್ಲಿ ಕನ್ನಡದಲ್ಲಿ ಯಾಕೆ, ಹೇಗೆ, ಇಲ್ಲದಿದ್ದರೆ ಏನಾಗುತ್ತಿತ್ತು ಎಂದೆಲ್ಲ ಹೇಳಬಲ್ಲ ತಾಯಿಯಿಂದ ಅದಕ್ಕೆ ಕಾರಣ ಕಟ್ಟುವ, ಕತೆ ಹೇಳುವ ಶಕ್ತಿ ಬರುತ್ತದೆ. ಒಂದು ಭಾಷೆಯಲ್ಲಿ ಬಂದ ಆ ಶಕ್ತಿ ಇನ್ನೊಂದಕ್ಕೂ ದಾಟುತ್ತದೆ. ಮನೆಯಲ್ಲಿ ಇಂಗ್ಲಿಷ್ ಬೇಕೇ ಬೇಕೆಂದರೆ ರಾತ್ರಿ ಇಪ್ಪತ್ತು ನಿಮಿಷ ಒಂದು ಇಂಗ್ಲಿಷ್ ಕತೆಪುಸ್ತಕ ಗಟ್ಟಿಯಾಗಿ ಓದಿ, ಅದರ ಬಗ್ಗೆ ಕನ್ನಡದಲ್ಲಿ ಮಾತಾಡಿ.

ಹೊರದೇಶದ ಕನ್ನಡಿಗರ ಮನೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಇಂಗ್ಲಿಷನ್ನು ಶಾಲೆಯೂ ಬೀದಿಯೂ ಕಲಿಸುತ್ತವೆ, ಒತ್ತಾಯಿಸಿ ಜಾಗ ಮಾಡಿಕೊಡಬೇಕಾದ್ದು ಕನ್ನಡಕ್ಕೆ. ತಂದೆ ಒಂದು ಭಾಷೆ, ತಾಯಿ ಒಂದು ಭಾಷೆ ಎಂಬ ಪದ್ಧತಿಗಿಂತ ಮನೆಯೊಳಗೆ ಎಲ್ಲರೂ ಕನ್ನಡ ಎಂಬ ಪದ್ಧತಿ ಇಬ್ಬರಿಗೂ ಕನ್ನಡ ಬರುವ ಮನೆಗಳಿಗೆ ಹೊಂದುತ್ತದೆ. ಒಬ್ಬರಿಗೆ ತಮಿಳೋ ಮರಾಠಿಯೋ ಆಗಿದ್ದರೆ ಮೊದಲನೆಯದೇ ಸರಿ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಗದರಬೇಡಿ, ಅದೇ ಮಾತನ್ನು ಕನ್ನಡದಲ್ಲಿ ಹೇಳಿ ಮುಂದುವರಿಸಿ. ‘ಐ ಡೋಂಟ್ ವಾಂಟ್ ದಿಸ್’ ಎಂದರೆ ‘ಓ, ಇದು ಬೇಡ್ವಾ? ಮತ್ತೆ ಏನು ಬೇಕು?’ ವಾರಕ್ಕೊಮ್ಮೆ ಊರಿನ ಅಜ್ಜ ಅಜ್ಜಿಯ ಜೊತೆ ವಿಡಿಯೊ ಕಾಲ್ ಮಾಡಿಸುವಾಗ ನೀವು ಪಕ್ಕದ ಕೋಣೆಗೆ ಹೋಗಿ. ಪಕ್ಕದಲ್ಲೇ ಕೂತರೆ ಮಗು ನಿಮ್ಮನ್ನೇ ದುಭಾಷಿ ಮಾಡಿಕೊಳ್ಳುತ್ತದೆ.